ಇದ್ದುದರಲ್ಲಿಯೇ ಹೊಸತು: ಕನ್ನಡ ನಾಡಿನ ಮನೆಗಳ ಋತುಸಿಂಗಾರ

ಋತು ಬದಲಾದಂತೆ ಮನೆಯ ಮುಖವೂ ಬದಲಾಗಬೇಕೆಂಬ ಬಯಕೆ ಮನುಷ್ಯನಲ್ಲಿ ಬಹಳ ಹಳೆಯದು. ಮಳೆ ನಿಂತ ಮೇಲೆ ಗೋಡೆ ಬೆಳಗಬೇಕು, ಬೇಸಿಗೆಯಲ್ಲಿ ದಪ್ಪನೆಯ ಹಾಸುಗಳು ಒಳಸೇರಬೇಕು, ಹಬ್ಬದ ದಿನ ಬಾಗಿಲು ಹಸಿರಾಗಬೇಕು ಎಂಬ ಅಪೇಕ್ಷೆ ಬಡವನ ಗುಡಿಸಲಿನಲ್ಲಿಯೂ ಇದೆ, ಸಿರಿವಂತನ ಸೌಧದಲ್ಲಿಯೂ ಇದೆ. ಈ ಅಪೇಕ್ಷೆಯನ್ನು ಪೂರೈಸಿಕೊಳ್ಳಲು ಇರುವ ದಾರಿಗಳು ಎರಡು. ಹೊಸ ವಸ್ತುವನ್ನು ಮನೆಗೆ ತರುವುದು ಒಂದು. ಇರುವ ವಸ್ತುವನ್ನೇ ತೊಳೆದು, ತಿದ್ದಿ, ಜಾಗ ಬದಲಿಸಿ, ಕೆಲವನ್ನು ಕೆಲವು ಕಾಲ ಮರೆಗೆ ಸರಿಸಿ, ಮತ್ತೆ ಹೊರತೆಗೆಯುವುದು ಇನ್ನೊಂದು. ಕನ್ನಡ ನಾಡಿನ ಚರಿತ್ರೆಯಲ್ಲಿ ಈ ಎರಡು ದಾರಿಗಳ ಗುರುತುಗಳೂ ಉಳಿದುಬಂದಿವೆ. ಮೊದಲನೆಯದರ ಗುರುತು ಅರಮನೆಯ ಗ್ರಂಥಗಳಲ್ಲಿಯೂ ವಿದೇಶೀ ಪ್ರವಾಸಿಗಳ ಬರಹಗಳಲ್ಲಿಯೂ ಕಂಡುಬರುತ್ತದೆ. ಎರಡನೆಯದರ ಗುರುತನ್ನು ಮಣ್ಣಿನ ಗೋಡೆಗಳ ಮೇಲೆ, ಹಳೆಯ ಸೀರೆಗಳ ಹೊಲಿಗೆಯಲ್ಲಿ, ಅಟ್ಟದ ಮೇಲಿನ ಬೊಂಬೆ ಪೆಟ್ಟಿಗೆಗಳಲ್ಲಿ ಹುಡುಕಬೇಕು.

ಮೊದಲು ಅರಮನೆಯ ದಾರಿಯನ್ನು ನೋಡಬಹುದು. ಕಲ್ಯಾಣದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು ಕ್ರಿ.ಶ. 1129ರ ಸುಮಾರಿಗೆ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಎಂಬ ಬೃಹದ್ಗ್ರಂಥವನ್ನು ರಚಿಸಿದನು. 'ಅಭಿಲಷಿತಾರ್ಥ ಚಿಂತಾಮಣಿ' ಎಂಬುದು ಅದರ ಇನ್ನೊಂದು ಹೆಸರು. ಇಪ್ಪತ್ತು ಅಧ್ಯಾಯಗಳ ಐದು ಭಾಗಗಳಾಗಿ ಒಟ್ಟು 100 ಅಧ್ಯಾಯಗಳಿರುವ ಈ ಕೃತಿಯ ಮೂರನೆಯ ಭಾಗವು ರಾಜನ ಇಪ್ಪತ್ತು 'ಉಪಭೋಗ'ಗಳನ್ನು ವಿವರಿಸುತ್ತದೆ. ಮನೆ, ವಸ್ತ್ರ, ಆಸನ, ಶಯ್ಯೆ ಮೊದಲಾದವು ಅವುಗಳಲ್ಲಿ ಸೇರಿವೆ. ಋತುವಿಗೆ ತಕ್ಕ ಬಟ್ಟೆ ಯಾವುದು, ಗೋಡೆಗೆ ಲೇಪವನ್ನು ಹೇಗೆ ಸಿದ್ಧಪಡಿಸಬೇಕು, ಚಿತ್ರಕ್ಕೆ ಬಣ್ಣವನ್ನು ಹೇಗೆ ಕೂಡಿಸಬೇಕು ಎಂಬ ವಿವರಗಳನ್ನೂ ಗ್ರಂಥಕಾರನು ಬಿಟ್ಟಿಲ್ಲ. ಹನ್ನೆರಡನೆಯ ಶತಮಾನದ ಕನ್ನಡ ನಾಡಿನ ರಸಿಕ ಜೀವನವನ್ನು ಅರಿಯಲು ಇದಕ್ಕಿಂತ ಉತ್ತಮವಾದ ಆಕರ ದೊರೆಯುವುದು ಕಷ್ಟ. ಆದರೆ ಇಲ್ಲಿಯ ಹೊಸತನವೆಲ್ಲ ಭಂಡಾರದ ಬಲದಿಂದ ಬಂದುದು. ಋತುವಿಗೊಂದು ಉಡುಪು, ಸಂದರ್ಭಕ್ಕೊಂದು ಆಸನ ಎಂದಾಗ ವಸ್ತುಗಳ ಸಂಖ್ಯೆ ಬೆಳೆಯುತ್ತಲೇ ಹೋಗಬೇಕಾಗುತ್ತದೆ.

'ಉಪಭೋಗ' ಎಂಬ ಇದೇ ಪದಕ್ಕೆ ಕನ್ನಡ ನಾಡಿನವರಿಗೆ ಪರಿಚಿತವಾಗಿದ್ದ ಇನ್ನೊಂದು ಸಂದರ್ಭವೂ ಇದೆ. ಮಾನಸೋಲ್ಲಾಸಕ್ಕಿಂತ ಹಲವು ಶತಮಾನಗಳ ಮೊದಲೇ ಆಚಾರ್ಯ ಸಮಂತಭದ್ರರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಭೋಗಕ್ಕೂ ಉಪಭೋಗಕ್ಕೂ ಇರುವ ಭೇದವನ್ನು ತಿಳಿಸಿದರು. ಒಮ್ಮೆ ಅನುಭವಿಸಿದ ಮೇಲೆ ಬಿಡಬೇಕಾದುದು ಭೋಗ, ಅನ್ನದಂತೆ. ಅನುಭವಿಸಿದ ಮೇಲೆಯೂ ಮತ್ತೆ ಮತ್ತೆ ಅನುಭವಕ್ಕೆ ಒದಗುವುದು ಉಪಭೋಗ, ಬಟ್ಟೆಯಂತೆ. ಗೃಹಸ್ಥನು ಇವೆರಡಕ್ಕೂ ಮಿತಿಯನ್ನು ಕಟ್ಟಿಕೊಳ್ಳಬೇಕೆಂಬುದು ಅಲ್ಲಿಯ ಉಪದೇಶ. ಆ ಮಿತಿಯನ್ನು ಬಾಳಿನುದ್ದಕ್ಕೂ ಪಾಲಿಸಿದರೆ ಅದು ಯಮ, ಕಾಲವನ್ನು ಗೊತ್ತುಮಾಡಿ ಪಾಲಿಸಿದರೆ ಅದು ನಿಯಮ. ಈ ಕಾಲದ ಅಳತೆ ಒಂದು ಹಗಲಾಗಬಹುದು, ಒಂದು ಇರುಳಾಗಬಹುದು, ಪಕ್ಷ, ಮಾಸ ಅಥವಾ ಅಯನವಾಗಬಹುದು. ಆ ಪಟ್ಟಿಯಲ್ಲಿ ಋತುವೂ ಸೇರಿದೆ ಎಂಬುದು ಪ್ರಸ್ತುತ ವಿಷಯಕ್ಕೆ ಗಮನಾರ್ಹ. ಹೀಗೆ ಕಾಲ ಗೊತ್ತುಮಾಡಿ ತೊರೆಯಬಹುದಾದ ವಸ್ತುಗಳಲ್ಲಿ ಶಯ್ಯೆ, ವಸ್ತ್ರ, ಆಭರಣ, ಹೂವುಗಳನ್ನು ಹೆಸರಿಸಲಾಗಿದೆ. ಒಂದು ಋತುವಿನ ಮಟ್ಟಿಗೆ ಕೆಲವು ವಸ್ತುಗಳನ್ನು ಬದಿಗಿಡುವುದು ಧರ್ಮಸಾಧನೆಯ ಒಂದು ಕ್ರಮವೆಂದು ಇಲ್ಲಿ ಪರಿಗಣಿತವಾಗಿದೆ. ಮನೆಯನ್ನು ಚೆಂದಗಾಣಿಸುವುದು ಆಚಾರ್ಯರ ಉದ್ದೇಶವಲ್ಲ, ಬಯಕೆಯನ್ನು ಹದ್ದಿನಲ್ಲಿಡುವುದು ಅವರ ಗುರಿ. ಆದರೂ ಋತುವಿಗೊಮ್ಮೆ ವಸ್ತುಗಳನ್ನು ತೆಗೆದಿಡುವ ಮನೆಗಳ ರೂಢಿಯೂ ಋತುವಿಗೊಮ್ಮೆ ವಸ್ತುಗಳನ್ನು ತೊರೆಯುವ ಈ ನಿಯಮವೂ ಒಂದೇ ತಿಳಿವಳಿಕೆಯ ಮೇಲೆ ನಿಂತಿವೆ. ಸದಾ ಕಣ್ಣೆದುರಿಗಿರುವ ವಸ್ತುವಿಗಿಂತ ಬಿಟ್ಟು ಕಂಡ ವಸ್ತು ಹೆಚ್ಚು ತೃಪ್ತಿಯನ್ನು ಕೊಡುತ್ತದೆ ಎಂಬುದೇ ಆ ತಿಳಿವಳಿಕೆ.

ಪರಿಗ್ರಹ ಪರಿಮಾಣ ವ್ರತದ ಚರ್ಚೆಯಲ್ಲಿಯೂ ಮನೆಯ ಸಾಮಗ್ರಿಗೆ ಒಂದು ಸ್ಥಾನವಿದೆ. ತತ್ತ್ವಾರ್ಥಸೂತ್ರವು ಮಿತಿ ಮೀರಬಾರದ ಸೊತ್ತುಗಳನ್ನು ಎಣಿಸುವಾಗ ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯಾದಿಗಳ ಕೊನೆಯಲ್ಲಿ 'ಕುಪ್ಯ' ಎಂಬ ಪದವನ್ನು ಇರಿಸುತ್ತದೆ. ಕನ್ನಡ ನಾಡಿನಲ್ಲಿ ಬಾಳಿದ ಪೂಜ್ಯಪಾದರು 'ಸರ್ವಾರ್ಥಸಿದ್ಧಿ'ಯಲ್ಲಿ ಈ ಪದವನ್ನು ವಿವರಿಸುತ್ತ ನಾರುಮಡಿ, ಹತ್ತಿಬಟ್ಟೆ, ರೇಷ್ಮೆ, ಚಂದನ ಮೊದಲಾದವುಗಳನ್ನು ಹೆಸರಿಸಿದ್ದಾರೆ. ಇಂದು ಮನೆಯ ಅಲಂಕಾರವೆಂದು ಕರೆಯುವ ವಸ್ತುಗಳಲ್ಲಿ ಬಹುಪಾಲು ಈ ಒಂದು ಪದದೊಳಗೆ ಅಡಗುತ್ತವೆ. ಹೊಲಕ್ಕೂ ಬಂಗಾರಕ್ಕೂ ಲೆಕ್ಕವಿಟ್ಟ ಗೃಹಸ್ಥನು ಹಾಸು, ಹೊದಿಕೆ, ತೆರೆ, ತೋರಣಗಳಿಗೆ ಲೆಕ್ಕ ಬೇಡವೆಂದು ಭಾವಿಸುವಂತಿಲ್ಲ ಎಂಬುದು ಇದರ ತಾತ್ಪರ್ಯ.

ಮನೆಗಳನ್ನು ಬೆಳಗಿಸುವ ಹಬ್ಬಗಳಲ್ಲಿ ದೀಪಾವಳಿ ಮುಖ್ಯವಾದುದು. ಆ ಹಬ್ಬದ ಪ್ರಾಚೀನ ಉಲ್ಲೇಖಗಳಲ್ಲೊಂದು ಕನ್ನಡ ನಾಡಿನ ಹೆಸರನ್ನು ಹೊತ್ತ ಮುನಿಪರಂಪರೆಯಿಂದ ಬಂದಿದೆ. ಪುನ್ನಾಟ ಸಂಘದ ಜಿನಸೇನಾಚಾರ್ಯರು ಶಕ 705ರಲ್ಲಿ, ಎಂದರೆ ಕ್ರಿ.ಶ. 783ರಲ್ಲಿ, 'ಹರಿವಂಶ ಪುರಾಣ'ವನ್ನು ಮುಗಿಸಿದರು. ಗ್ರಂಥ ರಚನೆಯಾದದ್ದು ದೂರದ ವರ್ಧಮಾನಪುರದಲ್ಲಿಯಾದರೂ ಸಂಘದ ಹೆಸರಿನಲ್ಲಿರುವ ಪುನ್ನಾಟವು ದಕ್ಷಿಣ ಕರ್ನಾಟಕದ ಪ್ರಾಚೀನ ಪ್ರದೇಶ. ಭಗವಾನ್ ಮಹಾವೀರರು ಪಾವಾನಗರಿಯಲ್ಲಿ ನಿರ್ವಾಣ ಹೊಂದಿದಾಗ ದೀಪಗಳ ಸಾಲು ಬೆಳಗಿತೆಂದೂ ಅಂದಿನಿಂದ ಜನರು ವರ್ಷವರ್ಷವೂ ದೀಪಾಲಿಕೆಯನ್ನು ಆಚರಿಸುತ್ತ ಬಂದರೆಂದೂ ಆ ಪುರಾಣವು ಹೇಳುತ್ತದೆ. ಎಲ್ಲವನ್ನೂ ತೊರೆದ ಮಹಾಪುರುಷನ ನೆನಪಿಗೆ ಜನರು ಆರಿಸಿಕೊಂಡ ಅಲಂಕಾರ ಮಣ್ಣಿನ ಹಣತೆ ಮತ್ತು ಎಣ್ಣೆಯ ಬೆಳಕು. ಮನೆಯಲ್ಲಿ ಇದ್ದುದನ್ನೇ ಬೇರೊಂದು ಬೆಳಕಿನಲ್ಲಿ ಕಾಣಿಸುವ ಅಲಂಕಾರವಿದು.

ಹದಿನೈದನೆಯ ಶತಮಾನದಲ್ಲಿ ವಿಜಯನಗರವನ್ನು ಕಂಡ ಇಟಲಿಯ ನಿಕೊಲೊ ಕೋಂಟಿಯ ಕಣ್ಣಿಗೂ ಇಂಥ ದೀಪಗಳೇ ಬಿದ್ದವು. 1420ರ ಸುಮಾರಿಗೆ ಬಂದ ಆತನು ದೇವಾಲಯಗಳಲ್ಲಿ, ಮಾಡುಗಳ ಹೊರಭಾಗದಲ್ಲಿ ಹಗಲಿರುಳೂ ಉರಿಯುವ ಅಸಂಖ್ಯ ಎಣ್ಣೆದೀಪಗಳ ಹಬ್ಬವನ್ನು ಬಣ್ಣಿಸಿದ್ದಾನೆ. ಅವನ ಬಳಿಕ ನೂರು ವರ್ಷ ಕಳೆದು, 1520ರ ಸುಮಾರಿಗೆ ಬಂದ ಪೋರ್ಚುಗಲ್ಲಿನ ಡೊಮಿಂಗೊ ಪಾಯೆಸನು ಕೃಷ್ಣದೇವರಾಯನ ಕಾಲದ ಮಹಾನವಮಿಯನ್ನು ಕಂಡನು. ಅರಮನೆಯ ಅಂಗಳದಲ್ಲಿ ಎತ್ತರವಾಗಿ ಕಟ್ಟಿದ ಮರದ ಅಟ್ಟಣಿಗೆಗಳು, ಅವನ್ನು ಮುಚ್ಚಿದ ಬಣ್ಣಬಣ್ಣದ ಬೆಲೆಬಾಳುವ ಬಟ್ಟೆಗಳು, ಒಡವೆಗಳ ಭಾರದಿಂದ ನಡೆಯಲಾರದ ಸ್ತ್ರೀಯರು ಇವೆಲ್ಲ ಅವನ ಬರಹದಲ್ಲಿ ಮೂಡಿವೆ. ಹಂಪೆಯಲ್ಲಿ ಇಂದಿಗೂ ಮಹಾನವಮಿ ದಿಬ್ಬ ನಿಂತಿದೆ. ಅದನ್ನು ಹೊದಿಸಿದ್ದ ಬಟ್ಟೆಯ ಒಂದು ಎಳೆಯೂ ಉಳಿದಿಲ್ಲ. ಕೋಂಟಿ ಕಂಡ ದೀಪವಾದರೋ ಇಂದಿಗೂ ಪ್ರತಿ ಊರಿನಲ್ಲಿ ಉರಿಯುತ್ತಿದೆ. ಸುಲಭವಾಗಿ ಸಿಗುವ, ಎಲ್ಲರ ಕೈಗೂ ಎಟಕುವ ವಸ್ತುವಿನಿಂದ ಮಾಡಿದ ಅಲಂಕಾರಕ್ಕೆ ಸಾಮ್ರಾಜ್ಯದ ಆಸರೆ ಬೇಕಾಗಲಿಲ್ಲ.

ಸಾಮಾನ್ಯರ ಮನೆಯೊಳಗೆ ಇಣುಕಿ ನೋಡಿದ ಬರಹಗಳು ಇನ್ನೂ ತಡವಾಗಿ ಬಂದವು. ಮೈಸೂರು ಸೀಮೆಯಲ್ಲಿ ಬಹುಕಾಲ ನೆಲೆಸಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯ್ ಅವರ ಗ್ರಂಥ 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರ ಬಹುಭಾಗವು ಕೇರ್ದೂ ಎಂಬ ಹಿಂದಿನ ಪಾದ್ರಿಯ ಹಸ್ತಪ್ರತಿಯನ್ನು ಅವಲಂಬಿಸಿದುದೆಂದು ವಿದ್ವಾಂಸರು ತೋರಿಸಿದ್ದಾರೆ. ಆದುದರಿಂದ ಅದನ್ನು ಹದಿನೆಂಟನೆಯ ಶತಮಾನದ ದಕ್ಷಿಣ ಭಾರತದ ಸಾಮಾನ್ಯ ಚಿತ್ರವೆಂದು ತಿಳಿಯುವುದು ಯುಕ್ತ. ನೆಲವನ್ನು ಸಗಣಿಯಿಂದ ಸಾರಿಸುವುದು, ಚಳಿಗಾಲದ ಒಂದು ತಿಂಗಳಿಡೀ ಬೆಳಗಿನಲ್ಲಿ ಬಾಗಿಲ ಮುಂದೆ ಹಿಟ್ಟಿನ ಬಿಳಿಗೆರೆಗಳನ್ನೆಳೆದು ಸಗಣಿಯ ಉಂಡೆಗಳ ಮೇಲೆ ಹೂವನ್ನು ಸಿಕ್ಕಿಸುವುದು ಮೊದಲಾದ ರೂಢಿಗಳು ಅಲ್ಲಿ ವರ್ಣಿತವಾಗಿವೆ. ಧನುರ್ಮಾಸದ ಬೆಳಗಿನಲ್ಲಿ ಇಂದಿಗೂ ಕೆಲವು ಹಳ್ಳಿಗಳಲ್ಲಿ ಇದನ್ನು ಕಾಣಬಹುದು. ಕೊಟ್ಟಿಗೆಯ ಸಗಣಿ, ಅಡುಗೆಮನೆಯ ಹಿಟ್ಟು, ಹಿತ್ತಿಲ ಹೂವು ಇಷ್ಟೇ ಅದರ ಸಾಮಗ್ರಿ. ಸಂಜೆಯಾಗುವಷ್ಟರಲ್ಲಿ ಅದು ಅಳಿದಿರುತ್ತದೆ. ಅದನ್ನು ಕೂಡಿಡಲು ಬರುವುದಿಲ್ಲ.

ಇಂಥ ಅಲಂಕಾರದ ಹಿಂದೆ ಕಟ್ಟಡದ ಅಗತ್ಯವೂ ಇತ್ತೆಂಬುದನ್ನು ಮರೆಯಬಾರದು. ಮಣ್ಣಿನ ಗೋಡೆಯ ಬುಡವು ಮಳೆಗಾಲದ ನಾಲ್ಕು ತಿಂಗಳು ನೀರಿನ ಸಿಡಿತಕ್ಕೆ ಸಿಕ್ಕಿ ಸವೆಯುತ್ತದೆ. ಮಳೆ ನಿಂತೊಡನೆ ಬಿರುಕುಗಳನ್ನು ಮೆತ್ತಿ, ಕೆಮ್ಮಣ್ಣನ್ನು ಬಳಿದು, ಸುಣ್ಣ ಹೊಡೆಯದಿದ್ದರೆ ಗೋಡೆ ಮುಂದಿನ ಮಳೆಯನ್ನು ತಾಳಲಾರದು. ಸಗಣಿಯಲ್ಲಿರುವ ನಾರಿನಂಶ ಮಣ್ಣನ್ನು ಹಿಡಿದಿಡುತ್ತದೆ. ಸುಣ್ಣವು ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಹೀರಿ ಮತ್ತೆ ಕಲ್ಲಿನ ಗುಣವನ್ನು ಪಡೆದು ಗೋಡೆಗೆ ತೆಳ್ಳನೆಯ ಕವಚವಾಗುತ್ತದೆ. ದುರಸ್ತಿಯ ಕೆಲಸವೇ ಹಬ್ಬದ ಸಿಂಗಾರವಾಗಿ ಬೆಳೆಯಿತು. ಅಶ್ವಯುಜದ ಹಬ್ಬಗಳ ಮುನ್ನ ಮನೆ ಬಳಿಯುವ ರೂಢಿಗೆ ಪಂಚಾಂಗದಷ್ಟೇ ಮಳೆಯ ಲೆಕ್ಕವೂ ಕಾರಣ.

ಈ ದುರಸ್ತಿಯು ಕಲೆಯ ಎತ್ತರಕ್ಕೆ ಏರಿದುದನ್ನು ಕಾಣಲು ಮಲೆನಾಡಿಗೆ ಹೋಗಬೇಕು. ಸಾಗರ, ಸೊರಬ, ಹೊಸನಗರ, ಸಿದ್ದಾಪುರ ಸೀಮೆಯ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಬರೆಯುವ ಚಿತ್ತಾರ ಈಗ ನಾಡಿನಾಚೆಗೂ ಪರಿಚಿತವಾಗಿದೆ. ಅದರ ಬಣ್ಣಗಳು ಮುಖ್ಯವಾಗಿ ನಾಲ್ಕು. ಕೆಂಪು ಕೆಮ್ಮಣ್ಣಿನಿಂದ ಬರುತ್ತದೆ. ನೆನೆಸಿ ಅರೆದ ಅಕ್ಕಿಯಿಂದ ಬಿಳುಪು, ಕಪ್ಪಾಗುವಂತೆ ಹುರಿದ ಅಕ್ಕಿಯಿಂದ ಕಪ್ಪು, ಗುರಿಗೆಯ ಬೀಜದಿಂದ ಹಳದಿ ಸಿದ್ಧವಾಗುತ್ತವೆ. ಕುಂಚಕ್ಕೆ ಪುಂಡಿಯ ನಾರು ಸಾಕು. ಸಮಾನಾಂತರವಾದ ಸಣ್ಣ ಸಣ್ಣ ಗೆರೆಗಳನ್ನು ಅಳತೆಗೋಲಿಲ್ಲದೆ ಎಳೆಯುವ ಕೈಯ ಹಿಡಿತ ಆಶ್ಚರ್ಯಕರವಾದುದು. ಮದುವೆಯ ಸಮಯದಲ್ಲಿ ಹಸೆಯ ಗೋಡೆಗೆ ಚಿತ್ತಾರ ಬೀಳುತ್ತದೆ. ಅಶ್ವಯುಜದ ಹುಣ್ಣಿಮೆ ಭೂಮಿ ಹುಣ್ಣಿಮೆ. ಅಂದು ಹೊಡೆಯಾದ ಭತ್ತದ ಗದ್ದೆಗೆ ಎಡೆಯನ್ನು ಕೊಂಡೊಯ್ಯುವ ಬುಟ್ಟಿಯನ್ನೂ ಹೀಗೆಯೇ ಬಳಿದು ಬರೆದು ಸಿದ್ಧಪಡಿಸುತ್ತಾರೆ. ಅಲ್ಲಿಂದ ಹದಿನೈದು ದಿನಕ್ಕೆ ದೀಪಾವಳಿಯ ಅಮಾವಾಸ್ಯೆ. ಚಿತ್ತಾರದ ಸಾಮಗ್ರಿಯೆಲ್ಲ ಗದ್ದೆ, ಹಿತ್ತಿಲು, ಕಾಡಂಚಿನಲ್ಲಿಯೇ ದೊರೆಯುತ್ತದೆ. ಹೊರಗಿನಿಂದ ತರಬೇಕಾದುದು ಏನೂ ಇಲ್ಲ. ಮುಂದಿನ ಬಾರಿ ಗೋಡೆಗೆ ಕೆಮ್ಮಣ್ಣು ಬಿದ್ದಾಗ ಹಳೆಯ ಚಿತ್ತಾರ ಅಳಿದು ಹೊಸದಕ್ಕೆ ಜಾಗ ಬಿಡುತ್ತದೆ.

ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ಇದೇ ಗುಣವನ್ನು ಕೌದಿಯಲ್ಲಿ ಕಾಣಬಹುದು. ಉಟ್ಟು ಸವೆದ ಇಳಕಲ್ಲ ಸೀರೆ, ಹಳೆಯ ಧೋತರ, ಮಕ್ಕಳ ಅಂಗಿಯ ತುಂಡುಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿನ ಕಡೆಗೆ ಸಾಲುಹೊಲಿಗೆ ಹಾಕುತ್ತ ಬಂದರೆ ಕೌದಿಯಾಗುತ್ತದೆ. ಸುಗ್ಗಿ ಮುಗಿದು ಹೊಲದ ಕೆಲಸ ಹಗುರವಾದ ಬಿಸಿಲ ದಿನಗಳು ಈ ಹೊಲಿಗೆಗೆ ಒಪ್ಪುವ ಕಾಲ. ಬೇಸಿಗೆಯಲ್ಲಿ ಹೊಲಿದದ್ದು ಮಳೆಗಾಲದ ಥಂಡಿಗೂ ಮಾಗಿಯ ಚಳಿಗೂ ಒದಗುತ್ತದೆ. ಹಗಲಿನಲ್ಲಿ ಮಡಿಸಿ ಜೋಡಿಸಿಟ್ಟ ಕೌದಿಗಳ ಬಣ್ಣದ ರಾಶಿಯೇ ಪಡಸಾಲೆಗೆ ಶೋಭೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಕೇಳಿದವರು ಬಹಳ. ಹಾಸಿಗೆ ಸಾಲದಾದಾಗ ಹಳೆಯ ಬಟ್ಟೆಯ ಇನ್ನೊಂದು ತುಂಡನ್ನು ಸೇರಿಸಿ ಅದನ್ನೇ ಬೆಳೆಸಬಹುದೆಂದು ಕೌದಿ ಹೊಲಿದವರು ಅರಿತಿದ್ದರು.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯೂ ಇದೇ ಬಗೆಯದು. ಆಫ್ರಿಕ ಮೂಲದ ಈ ಜನರ ಪೂರ್ವಿಕರಲ್ಲಿ ಅನೇಕರು ದಾಸ್ಯದಲ್ಲಿ ಇಲ್ಲಿಗೆ ಬಂದವರು. ಕೊಳ್ಳುವ ಶಕ್ತಿ ಇಲ್ಲದ ಮನೆಗಳಲ್ಲಿ ಚಿಂದಿಯನ್ನೇ ಕೂಡಿಸಿ ಹೊಲಿದರು. ಆದರೆ ಕೆಲಸ ಮುಗಿದಾಗ ಕವಂದಿಯ ನಾಲ್ಕು ಮೂಲೆಗಳಲ್ಲಿ 'ಫೂಲ'ವೆಂಬ ಬಟ್ಟೆಯ ಸಣ್ಣ ಮಡಿಕೆಯನ್ನು ಕೂಡಿಸುವ ಸಂಪ್ರದಾಯವಿದೆ. ಹೊದಿಕೆಯ ಬೆಚ್ಚಗೆ ಅದರಿಂದ ಏನೂ ಸೇರುವುದಿಲ್ಲ. ಅದಿಲ್ಲದಿದ್ದರೆ ಮಾತ್ರ ಕವಂದಿ ಬೆತ್ತಲೆಯಾಗಿ ಕಾಣುತ್ತದೆಂಬುದು ಅವರ ಭಾವನೆ. ಸೌಂದರ್ಯಕ್ಕೆ ಸಂಪತ್ತು ಬೇಕೇಬೇಕೆಂಬ ವಾದಕ್ಕೆ ಈ ನಾಲ್ಕು ಹೂಗಳು ಸಾಕಾದ ಉತ್ತರ.

ವಸ್ತುವನ್ನು ಮರೆಮಾಡಿ ಹೊಸದಾಗಿಸುವ ಕಲೆಗೆ ಅತ್ಯುತ್ತಮ ನಿದರ್ಶನ ದಕ್ಷಿಣದ ಜಿಲ್ಲೆಗಳ ದಸರಾ ಬೊಂಬೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ನವರಾತ್ರಿಯ ಉತ್ಸವವನ್ನು ಆರಂಭಿಸಿದ ಬಳಿಕ ಮೈಸೂರು ಸೀಮೆಯಲ್ಲಿ ಅರಮನೆಯ ಹಬ್ಬಕ್ಕೂ ಮನೆಯ ಹಬ್ಬಕ್ಕೂ ನಂಟು ಬೆಳೆಯಿತು. 1897ರ ಬೆಂಕಿಯ ತರುವಾಯ ಕಟ್ಟಿ 1912ರಲ್ಲಿ ಮುಗಿದ ಇಂದಿನ ಮೈಸೂರು ಅರಮನೆಯಲ್ಲಿ ಬೊಂಬೆ ತೊಟ್ಟಿಗೆ ಪ್ರತ್ಯೇಕ ಸ್ಥಾನವಿದೆ. ಸಾಮಾನ್ಯರ ಮನೆಯಲ್ಲಿ ಬೊಂಬೆಯ ಮೆಟ್ಟಿಲುಗಳಿಗೆ ಬೇರೆ ಸಾಮಾನು ಇರುತ್ತಿರಲಿಲ್ಲ. ಟ್ರಂಕು, ಮಣೆ, ಮೇಜು, ಡಬ್ಬಗಳನ್ನೇ ಒಂದರ ಹಿಂದೊಂದು ಜೋಡಿಸಿ, ಮೇಲೆ ಬಿಳಿಯ ಪಂಚೆಯನ್ನು ಹಾಸಿದರೆ ಮೂರು, ಐದು, ಏಳು ಎಂಬಂತೆ ಬೆಸ ಸಂಖ್ಯೆಯ ಮೆಟ್ಟಿಲುಗಳು ಸಿದ್ಧವಾಗುತ್ತಿದ್ದವು. ಕೆಲವು ದಿನ ಮೊದಲೇ ತಟ್ಟೆಯಲ್ಲಿ ಬಿತ್ತಿದ ರಾಗಿಯ ಪೈರು ಹೊಲವಾಗುತ್ತಿತ್ತು, ಗೋಡೆಯ ಕನ್ನಡಿ ಕೊಳವಾಗುತ್ತಿತ್ತು. ಮೇಲಿನ ಸ್ಥಾನ ಪಟ್ಟದ ಬೊಂಬೆಗಳಿಗೆ ಸಲ್ಲುತ್ತಿತ್ತು. ಮದುವೆಯಲ್ಲಿ ತವರಿನಿಂದ ಮಗಳಿಗೆ ಬರುವ ಈ ಮರದ ರಾಜ-ರಾಣಿಯರು ಒಂದು ಮನೆಯ ನೆನಪನ್ನು ಇನ್ನೊಂದಕ್ಕೆ ಒಯ್ಯುವ ಬಳುವಳಿ. ವಿಜಯದಶಮಿಯ ರಾತ್ರಿ ಬೊಂಬೆಗಳನ್ನು ಮಲಗಿಸಿ, ಮರುದಿನ ಹಳೆಯ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆ ಸೇರಿಸಿದರೆ ಮತ್ತೆ ಅವು ಕಾಣುವುದು ವರ್ಷದ ಮೇಲೆ. ಮಕ್ಕಳು ಪ್ರತಿವರ್ಷವೂ ಅವೇ ಬೊಂಬೆಗಳನ್ನು ಮೊದಲ ಬಾರಿಗೆ ಕಂಡಂತೆ ನೋಡುವುದಕ್ಕೆ ನಡುವಿನ ಆ ಹನ್ನೊಂದೂವರೆ ತಿಂಗಳೇ ಕಾರಣ. ವರ್ಷವಿಡೀ ಗಾಜಿನ ಬೀರುವಿನಲ್ಲಿ ನಿಂತ ಬೊಂಬೆಗೆ ಆ ಭಾಗ್ಯವಿಲ್ಲ.

ಗೋಡೆ, ಹಾಸು, ಬೊಂಬೆ ಈ ಮೂರನ್ನೂ ಒಟ್ಟಿಗೆ ನೋಡಿದಾಗ ಇದ್ದುದರಲ್ಲಿಯೇ ಹೊಸತನ್ನು ಕಾಣುವ ಮೂರು ಉಪಾಯಗಳು ಗೋಚರಿಸುತ್ತವೆ. ಚಿತ್ತಾರವು ಅಳಿಸಿ ಬರೆಯುತ್ತದೆ. ಕೌದಿಯು ಒಂದರ ರೂಪವನ್ನು ಇನ್ನೊಂದಕ್ಕೆ ತಿರುಗಿಸುತ್ತದೆ. ಬೊಂಬೆಯು ಮರೆಯಾಗಿದ್ದು ಮರಳುತ್ತದೆ. ಮೂರರಲ್ಲಿಯೂ ಮನೆಯ ವಸ್ತುಗಳ ಮೊತ್ತ ಹೆಚ್ಚುವುದಿಲ್ಲ. ಹೆಚ್ಚುವುದು ನೋಡುವವರ ಗಮನ ಮತ್ತು ಮಾಡುವವರ ಕೈಕೆಲಸ.

ಇಪ್ಪತ್ತನೆಯ ಶತಮಾನದಲ್ಲಿ ಈ ವ್ಯವಸ್ಥೆ ಸಡಿಲವಾಯಿತು. ಸಿಮೆಂಟಿನ ಗೋಡೆಗೆ ಮಳೆಯ ಭಯವಿಲ್ಲ, ಆದುದರಿಂದ ವರ್ಷವರ್ಷದ ಸಾರಣೆಯೂ ಬೇಡವಾಯಿತು. ರೆಡ್ ಆಕ್ಸೈಡ್ ನೆಲ, ಅನಂತರ ಮೊಸಾಯಿಕ್, ಅದರ ಬಳಿಕ ಹೊಳೆಯುವ ಟೈಲು ಬಂದು ಸಗಣಿಯ ನೆಲ ಹಿಂದೆ ಸರಿಯಿತು. ಡಿಸ್ಟೆಂಪರು ಸುಣ್ಣದ ಸ್ಥಾನವನ್ನು ಹಿಡಿಯಿತು. ಮಾವಿನ ಎಲೆ ಗಟ್ಟಿಯಾದ ಎಲೆ, ಕಿತ್ತ ಮೇಲೂ ಹಲವು ದಿನ ಬಾಡದೆ ನಿಲ್ಲುತ್ತದೆಂದು ಅದನ್ನು ಬಾಗಿಲಿಗೆ ಕಟ್ಟುತ್ತಿದ್ದರು. ಎಂದೂ ಬಾಡದ ಪ್ಲಾಸ್ಟಿಕ್ ತೋರಣ ಬಂದ ಮೇಲೆ ಆ ಗುಣವೂ ಸಾಲದಾಯಿತು. 1991ರ ಆರ್ಥಿಕ ಉದಾರೀಕರಣದ ಬಳಿಕ ಮನೆಯ ಅಲಂಕಾರವೇ ಒಂದು ದೊಡ್ಡ ವ್ಯಾಪಾರವಾಗಿ ಬೆಳೆದು, ಋತುವಿಗೊಂದು ಬಣ್ಣದ ಪರದೆ, ಹಬ್ಬಕ್ಕೊಂದು ಬಗೆಯ ದೀಪಮಾಲೆ ಎಂಬ ಪ್ರಚಾರ ಮಧ್ಯಮ ವರ್ಗದ ಮನೆಗಳನ್ನು ಮುಟ್ಟಿತು. ಒಂದು ಕಾಲಕ್ಕೆ ಕಲ್ಯಾಣದ ದೊರೆಯೊಬ್ಬನಿಗೆ ಸಾಧ್ಯವಾಗಿದ್ದ ಉಪಭೋಗ ಈಗ ಕಂತಿನ ಮೇಲೆ ಸಾಮಾನ್ಯನಿಗೂ ಎಟಕುವಂತಾಯಿತು. ಈ ನಡುವೆ ಚಿತ್ತಾರವು ಗೋಡೆಯಿಂದ ಕಾಗದಕ್ಕೂ ಬಟ್ಟೆಗೂ ಇಳಿದು ಮಾರಾಟದ ವಸ್ತುವಾಯಿತು. ಬರೆಯುವವರಿಗೆ ಅದರಿಂದ ಆದಾಯ ದೊರೆತದ್ದು ಸಂತೋಷದ ಸಂಗತಿ. ಆದರೆ ಅಳಿಸಿ ಬರೆಯುತ್ತಿದ್ದ ಚಿತ್ರ ಚೌಕಟ್ಟಿನೊಳಗೆ ಸೇರಿ ಕೂಡಿಡುವ ಸೊತ್ತಾಯಿತೆಂಬುದನ್ನೂ ಗಮನಿಸಬೇಕು.

ಹಾಗೆಂದು ಹಳೆಯದೆಲ್ಲವನ್ನೂ ಹೊಗಳುವುದು ಇತಿಹಾಸಕ್ಕೂ ನೀತಿಗೂ ಒಪ್ಪುವ ಮಾತಲ್ಲ. ಮೂರು ಆಕ್ಷೇಪಗಳನ್ನು ನೇರವಾಗಿ ಎದುರಿಸಬೇಕು. ಮೊದಲನೆಯದು ದುಡಿಮೆಯ ಪ್ರಶ್ನೆ. ಬಾಗಿ ನೆಲ ಸಾರಿಸಿದವರು, ಗೋಡೆ ಬಳಿದವರು, ಕಣ್ಣು ಸೋಲುವ ತನಕ ಹೊಲಿದವರು ಬಹುಮಟ್ಟಿಗೆ ಹೆಂಗಸರು. ಸಿಮೆಂಟಿನ ನೆಲ ಅವರ ಬೆನ್ನಿಗೆ ಕೊಟ್ಟ ಬಿಡುವನ್ನು ಹಳೆಯ ಸೊಬಗಿನ ಹೆಸರಿನಲ್ಲಿ ಕಿತ್ತುಕೊಳ್ಳುವುದು ನ್ಯಾಯವಲ್ಲ. ಇದ್ದುದರಲ್ಲಿಯೇ ಮನೆಯನ್ನು ಹೊಸದಾಗಿಸಬೇಕಾದರೆ ಆ ಕೆಲಸ ಮನೆಯ ಎಲ್ಲರಿಗೂ ಹಂಚಿಹೋಗಬೇಕು.

ಎರಡನೆಯದು ಹಿಂಸೆಯ ಪ್ರಶ್ನೆ. ಮಾನಸೋಲ್ಲಾಸವು ಗೋಡೆಯ ಚಿತ್ರಕ್ಕೆ ಹೇಳುವ ವಜ್ರಲೇಪವು ಎಮ್ಮೆಯ ಚರ್ಮವನ್ನು ನೀರಿನಲ್ಲಿ ಕುದಿಸಿ ತೆಗೆದ ಅಂಟು. ಕರಾವಳಿಯ ಚಿಪ್ಪುಸುಣ್ಣವು ಜಲಜೀವಿಗಳ ಚಿಪ್ಪನ್ನು ಸುಟ್ಟುದರಿಂದ ಬಂದುದು. ಮರದ ಆಟಿಕೆಗಳಿಗೆ ಹೊಳಪು ಕೊಡುವ ಅರಗು ಕೀಟದ ಸ್ರಾವ. ರೂಢಿಯ ರೇಷ್ಮೆಯಲ್ಲಿ ಗೂಡಿನೊಳಗಿನ ಹುಳು ಬಿಸಿಯಲ್ಲಿ ಸಾಯುತ್ತದೆ. ಒಂದು ವಸ್ತು ಹಳೆಯದೆಂಬ ಕಾರಣಕ್ಕೆ, ನಾಡಿನದೆಂಬ ಕಾರಣಕ್ಕೆ ನಿರ್ದೋಷಿಯಾಗುವುದಿಲ್ಲ. ಪೆಟ್ಟಿಗೆಯಲ್ಲಿರುವ ಅಜ್ಜಿಯ ರೇಷ್ಮೆ ಸೀರೆಯನ್ನು ಹಬ್ಬದ ದಿನ ಮೆಟ್ಟಿಲಿಗೆ ಹಾಸಿದರೆ ಹಿಂದಿನ ಹಿಂಸೆ ಅಳಿಯದು. ಆದರೆ ಅದರ ಬದಲಿಗೆ ಹೊಸ ರೇಷ್ಮೆಯನ್ನು ಕೊಳ್ಳದಿದ್ದರೆ ಇನ್ನೊಂದು ಹಿಂಸೆಗೆ ಕಾರಣವಾಗುವುದು ತಪ್ಪುತ್ತದೆ. ಮರುಬಳಕೆಗೆ ಇರುವ ಬೆಲೆ ಇಷ್ಟು. ಅದಕ್ಕಿಂತ ಹೆಚ್ಚಿನ ಪುಣ್ಯವನ್ನು ಅದಕ್ಕೆ ಹೊರಿಸಬೇಕಾಗಿಲ್ಲ.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಹೊಸದನ್ನು ಕೊಳ್ಳದವನು ಅಪರಿಗ್ರಹಿಯೇ? ಅಟ್ಟದ ತುಂಬ ಪೆಟ್ಟಿಗೆಗಳು, ಪೆಟ್ಟಿಗೆಯ ತುಂಬ ಎಂದಾದರೂ ಬೇಕಾಗಬಹುದೆಂದು ಇಟ್ಟ ಸಾಮಾನು, ಅದರ ಮೇಲೆ ಇನ್ನೊಬ್ಬರ ಕೈ ಬೀಳಬಾರದೆಂಬ ಕಾವಲು ಇರುವ ಮನೆಯಲ್ಲಿ ಪಡಸಾಲೆ ಎಷ್ಟು ಬರಿದಾಗಿದ್ದರೂ ಪರಿಗ್ರಹ ಕಡಿಮೆಯಾಗಿಲ್ಲ. ಪರಿಗ್ರಹದ ಬೇರು ವಸ್ತುವಿನಲ್ಲಿಲ್ಲ, ಅದರ ಮೇಲಿನ ಮೂರ್ಛೆಯಲ್ಲಿದೆ ಎಂಬ ಆಗಮದ ವಿವೇಚನೆ ಇಲ್ಲಿ ಅನ್ವಯಿಸುತ್ತದೆ. ಬೊಂಬೆಯ ಮೆಟ್ಟಿಲುಗಳನ್ನು ನೆರೆಮನೆಗಿಂತ ಹೆಚ್ಚಿಸಬೇಕೆಂದು ವರ್ಷವರ್ಷವೂ ಪೆಟ್ಟಿಗೆಗಳನ್ನು ಬೆಳೆಸಿದಾಗ ತೆಗೆದಿಡುವ ಕಲೆಯೂ ಕೂಡಿಡುವ ಚಪಲವಾಗಿ ಮಾರ್ಪಡುತ್ತದೆ. ತೆಗೆದಿಟ್ಟದ್ದು ಮರಳಿ ಬಳಕೆಗೆ ಬರುತ್ತದೆಯೇ, ಬಾರದಿದ್ದಲ್ಲಿ ಬೇರೆಯವರ ಕೈ ಸೇರುತ್ತದೆಯೇ ಎಂಬುದರ ಮೇಲೆ ಅದರ ಒಳ್ಳೆಯತನ ನಿಂತಿದೆ. ಮದುವೆಯಲ್ಲಿ ಮಗಳಿಗೆ ಹೋಗುವ ಪಟ್ಟದ ಬೊಂಬೆ, ಸವೆದು ಕೌದಿಯಾಗುವ ಸೀರೆ ಇವು ಕೈಬಿಟ್ಟು ಹೋಗಬಲ್ಲ ವಸ್ತುಗಳು. ಅವುಗಳ ಸೊಬಗಿಗೆ ಇದೂ ಒಂದು ಕಾರಣ.

ಇಂದಿನ ಮನೆಯಲ್ಲಿ ಮಣ್ಣಿನ ಗೋಡೆ ಇಲ್ಲ, ಅನೇಕ ಕಡೆ ಅಟ್ಟವೂ ಇಲ್ಲ. ಆದರೂ ಹಿಂದಿನವರ ಕ್ರಮವನ್ನು ಅನುಸರಿಸಲು ಅಡ್ಡಿಯಿಲ್ಲ. ಬೇಸಿಗೆ ತೊಡಗಿದಾಗ ನೆಲಹಾಸನ್ನು ಬಿಸಿಲಿಗೆ ಒಣಗಿಸಿ ಮಡಿಸಿಟ್ಟರೆ ನೆಲದ ತಂಪೇ ಹೊಸ ಸುಖವಾಗುತ್ತದೆ. ಮಳೆಗಾಲದ ಚಾತುರ್ಮಾಸದಲ್ಲಿ ಕಪಾಟಿನ ಅರ್ಧದಷ್ಟು ವಸ್ತುಗಳನ್ನು ಒಳಗಿಟ್ಟರೆ ತೇವವೂ ಧೂಳೂ ಕಡಿಮೆಯಾಗಿ, ಒರೆಸುವಾಗ ಸಣ್ಣ ಜೀವಿಗಳಿಗಾಗುವ ಬಾಧೆಯೂ ಕುಗ್ಗುತ್ತದೆ. ಹರಿದ ಹತ್ತಿಯ ಸೀರೆ ಕಿಟಕಿಯ ತೆರೆಯಾಗಬಹುದು. ಬಳಕೆ ತಪ್ಪಿದ ಹಿತ್ತಾಳೆಯ ಚೊಂಬನ್ನು ಹುಣಿಸೆಯಿಂದ ಬೆಳಗಿದರೆ ಹೂವಿನ ಪಾತ್ರೆ ಸಿದ್ಧ. ಮಲಗುವ ಕೋಣೆಯ ಚಿತ್ರಪಟ ಪಡಸಾಲೆಗೆ ಬಂದಾಗ ಮನೆಯವರೇ ಅದನ್ನು ಮತ್ತೊಮ್ಮೆ ನಿಂತು ನೋಡುತ್ತಾರೆ. ಹೀಗೆ ಜಾಗ ಬದಲಿಸುವಾಗ ಯಾವ ವಸ್ತು ಎರಡು ವರ್ಷ ಒಳಗಿದ್ದರೂ ನೆನಪಾಗಲಿಲ್ಲವೋ ಅದು ಮನೆಗೆ ಬೇಡವಾದುದೆಂದು ತಿಳಿದು, ಬೇಕಾದವರಿಗೆ ತಲುಪಿಸುವುದು ಉಚಿತ.

ದೀಪಾವಳಿಯ ಮರುದಿನ ವೀರನಿರ್ವಾಣ ಸಂವತ್ಸರ ಬದಲಾಗುತ್ತದೆ. ಅನೇಕ ವರ್ತಕರು ಅದೇ ಹಬ್ಬದಲ್ಲಿ ಹಳೆಯ ಖಾತೆಯನ್ನು ಮುಗಿಸಿ ಹೊಸ ಪುಸ್ತಕವನ್ನು ತೆರೆಯುವ ಸಂಪ್ರದಾಯವಿದೆ. ಅಂಗಡಿಯ ಲೆಕ್ಕ ನೋಡುವ ಆ ದಿನಗಳಲ್ಲಿ ಮನೆಯ ಕುಪ್ಯದ ಲೆಕ್ಕವನ್ನೂ ನೋಡಬಹುದು. ಈ ವರ್ಷ ಬಂದುದೆಷ್ಟು, ಮರಳಿ ಬಳಸಿದ್ದೆಷ್ಟು, ಬೇರೆಯವರಿಗೆ ಸಂದುದೆಷ್ಟು, ಮುಂದಿನ ಋತುವಿಗೆ ಯಾವುದನ್ನು ಬದಿಗಿಡಬೇಕು ಎಂಬ ನಾಲ್ಕು ಸಾಲು ಬರೆದಿಟ್ಟರೆ ಸಾಕು. ಆ ಲೆಕ್ಕ ಮುಗಿದ ಮೇಲೆ ತೊಳೆದ ಹೊಸ್ತಿಲ ಮೇಲೆ ಹಿಂದಿನ ವರ್ಷದ ಹಣತೆಗಳನ್ನೇ ಸಾಲಾಗಿಟ್ಟು ದೀಪ ಹಚ್ಚಬಹುದು.